ಹೆಬ್ಬೆಟ್ಟಿನವರು ಶಾಲೆ ಬಾಗಿಲಿಗೆ ಯಾಕೆ ಬರುವುದಿಲ್ಲ?

"ಈ ಜನಕ್ಕೆ ಮಕ್ಕಳ ಓದಿನ ಮೇಲೆ ಕಾಳಜೀನೇ ಇಲ್ಲ ಕಣ್ರೀ. ಮೀಟಿಂಗಿಗೆ ಕರೆದರೆ ಹತ್ತು ಜನ ಬರಲ್ಲ."

ಕೋಲಾರ ಸೀಮೆಯ ಹೈಸ್ಕೂಲುಗಳ ಸ್ಟಾಫ್ ರೂಮಿನಲ್ಲಿ ಕೂತು ನೋಡಿ. ಕಾಫಿ ಬರುವುದಕ್ಕೆ ಮುಂಚೆ ಈ ಮಾತು ಬರುತ್ತದೆ. ಹೇಳುವವರು ದುಷ್ಟರೇನಲ್ಲ. ಒಳ್ಳೆಯ ಮೇಷ್ಟ್ರುಗಳೂ ಹೇಳುತ್ತಾರೆ, ನಿಟ್ಟುಸಿರು ಬಿಟ್ಟು ಹೇಳುತ್ತಾರೆ. ಆದರೆ ಇದು ಮಾತಲ್ಲ, ತೀರ್ಪು. ಆರೋಪಿಯನ್ನು ಕರೆಯದೆ, ಸಾಕ್ಷಿ ಕೇಳದೆ ಬರೆದ ತೀರ್ಪು. ಹುಡುಗ ಫೇಲಾದರೆ ಅಪ್ಪ ಕಾರಣ. ಹುಡುಗಿ ಶಾಲೆ ಬಿಟ್ಟರೆ ಅವ್ವ ಕಾರಣ. ಪಾಠ ಮಾಡದ ಶಾಲೆ, ಮೇಷ್ಟ್ರನ್ನು ಕೊಡದ ಸರ್ಕಾರ, ಕೂಲಿ ಕೊಡದ ಮಾಲೀಕ, ಇವರ್‍ಯಾರೂ ಕಾರಣರಲ್ಲ! ಎಂಥ ಸುಲಭದ ನ್ಯಾಯ ಇದು!

ಈ ತೀರ್ಪನ್ನು ಇಲ್ಲಿ ಮರುವಿಚಾರಣೆಗೆ ತಂದಿದ್ದೇವೆ. ಗೆಳೆಯರು ಸಹನೆಯಿಂದ ಕೇಳಬೇಕು. ಅದರಲ್ಲೂ ಹಳ್ಳಿ ಮೇಷ್ಟ್ರುಗಳಾದ ಗೆಳೆಯರು ಕೇಳಬೇಕು.

"ಈ ಜನ" ಅಂದರೆ ಯಾರು? ನಂದಿದುರ್ಗ, ಮಾರಿಕುಪ್ಪಂ, ಚಾಂಪಿಯನ್ ರೀಫ್, ಕೋರಮಂಡಲ್‌ನ ಲೈನ್ ಮನೆಗಳಲ್ಲಿ ಇರುವವರು. ಬಂಗಾರಪೇಟೆ ಸುತ್ತಲಿನ ಹಳ್ಳಿಗಳ ಹೊಲಗೇರಿ, ಮಾದಿಗರ ಕೇರಿಗಳಲ್ಲಿ ಇರುವವರು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿ ಹಿಡಿಯಿತು. ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ, ಸೇಲಂನಿಂದ ಊರಿನಲ್ಲಿ ಜೀತ, ಕೇರಿಯಲ್ಲಿ ಹಸಿವು ತಾಳಲಾರದೆ ಬಂದ ಅಸ್ಪೃಶ್ಯರು ಭೂಮಿಯೊಳಕ್ಕೆ ಇಳಿದರು. ಮೂರು ಕಿಲೋಮೀಟರಿಗೂ ಹೆಚ್ಚು ಆಳ ಇಳಿದರು. ಸುಮಾರು 800 ಟನ್ ಚಿನ್ನ ಮೇಲಕ್ಕೆ ಬಂತು. ಅವರ ಎದೆಯಲ್ಲಿ ಕಲ್ಲಿನ ಧೂಳು ಉಳಿಯಿತು. ಡಾಕ್ಟರು ಅದಕ್ಕೆ ಸಿಲಿಕೋಸಿಸ್ ಅಂದರು. ಚಿನ್ನ ಯಾರ ಕೊರಳಿಗೆ ಹೋಯಿತೋ ಅವರ ಮಕ್ಕಳ ಓದಿನ ಬಗ್ಗೆ ಯಾರೂ ಅನುಮಾನ ಪಡಲಿಲ್ಲ. ಧೂಳು ಕುಡಿದವನ ಮಗನ ಬಗ್ಗೆ ಮಾತ್ರ, "ಇವರಿಗೆ ಕಾಳಜಿ ಇಲ್ಲ!"

ಈಗ ಶಾಲೆಯ ಚರಿತ್ರೆ ನೋಡೋಣ. 1901ರಲ್ಲಿ ನಂದಿದುರ್ಗ ಗಣಿಯಲ್ಲಿ ಕಂಪನಿ ಒಂದು ಇಂಗ್ಲಿಷ್ ಶಾಲೆ ತೆರೆಯಿತು. ಯಾರಿಗೆ? ಬ್ರಿಟಿಷ್ ಮತ್ತು ಯುರೋಪಿಯನ್ ನೌಕರರ ಮಕ್ಕಳಿಗೆ. ಮುಂದೆ ಅದು ಹೈಸ್ಕೂಲಾಯಿತು, ಅಲ್ಲಿನ ಹುಡುಗರು ಸೀನಿಯರ್ ಕೇಂಬ್ರಿಡ್ಜ್ ಪರೀಕ್ಷೆಗೆ ಕೂತರು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಗಣಿಯ ಯಂತ್ರಕ್ಕೆ ಬಂತು, ದೊರೆಗಳ ಬಂಗಲೆಗೆ ಬಂತು. ಕೂಲಿಯ ತಟ್ಟಿ ಗುಡಿಸಲಿಗೆ ಬರಲು ಕಾಲ ಹಿಡಿಯಿತು. ಶಾಲೆಯೂ ಕರೆಂಟಿನ ಹಾಗೇ. ಮೊದಲು ಬಂಗಲೆಗೆ, ಆಮೇಲೆ ಮಿಕ್ಕಿದ್ದರೆ ಲೈನಿಗೆ.

ಆ ಬಂಗಲೆ ಶಾಲೆಯಲ್ಲಿ ಮೇಷ್ಟ್ರೂ ಮಗುವಿನ ಅಪ್ಪನೂ ಒಂದೇ ಜನ. ಒಂದೇ ಭಾಷೆ, ಒಂದೇ ಚರ್ಚು, ಒಂದೇ ಬಗೆಯ ಉಡುಪು. ಮೇಷ್ಟ್ರು ಅಪ್ಪನಿಗೆ ಪತ್ರ ಬರೆದರೆ ಅಪ್ಪ ಓದುತ್ತಾನೆ, ಉತ್ತರ ಬರೆಯುತ್ತಾನೆ. ಇದನ್ನೇ ಇವತ್ತು "ಪೋಷಕರ ಸಹಭಾಗಿತ್ವ" ಅಂತ ಸುತ್ತೋಲೆಯಲ್ಲಿ ಬರೆಯುತ್ತಾರೆ. ಶಾಲೆ ಅನ್ನುವುದು ಹುಟ್ಟುವಾಗಲೇ ಆ ಅಪ್ಪನನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿತು. ನಮ್ಮ ಅಪ್ಪ ಅದರ ಲೆಕ್ಕದಲ್ಲಿ ಇರಲಿಲ್ಲ. ಬಂಗಲೆಯ ಜಾಗಕ್ಕೆ ಈಗ ಲೇಔಟಿನ ಮನೆ ಬಂದಿದೆ, ದೊರೆಯ ಜಾಗಕ್ಕೆ ಆಫೀಸರು, ವ್ಯಾಪಾರಿ, ಕಂಟ್ರಾಕ್ಟರು ಬಂದಿದ್ದಾರೆ. ಶಾಲೆಯ ಮನಸ್ಸಿನಲ್ಲಿ ಕೂತ ಅಪ್ಪ ಮಾತ್ರ ಬದಲಾಗಿಲ್ಲ.

ಹಾಗಾದರೆ ಲೈನಿನ ಜನಕ್ಕೆ ಅಕ್ಷರದ ಹಸಿವು ಇರಲಿಲ್ಲವೆ? ಇತ್ತು ಸ್ವಾಮಿ. ನಿಮ್ಮ ಇಲಾಖೆ ಕಣ್ಣು ಬಿಡುವುದಕ್ಕೆ ಮುಂಚೆ ಇತ್ತು. 1907ರಲ್ಲಿ ಮದರಾಸಿನಲ್ಲಿ ಪಂಡಿತ ಅಯೋತಿದಾಸರು ಒಂದು ಕಾಸಿನ 'ತಮಿಳನ್' ಪತ್ರಿಕೆ ಶುರು ಮಾಡಿದಾಗ ಅದಕ್ಕೆ ಬೆನ್ನಾಗಿ ನಿಂತವರಲ್ಲಿ ಕೋಲಾರ ಗಣಿಯ ಕೂಲಿಗಳಿದ್ದರು. ಬೌದ್ಧ ಸಂಘಗಳನ್ನು ಕಟ್ಟಿದರು. ಅಯೋತಿದಾಸರು 1914ರಲ್ಲಿ ತೀರಿಕೊಂಡರು. ನಿಂತುಹೋದ ಪತ್ರಿಕೆಯನ್ನು 1926ರಲ್ಲಿ ಚಾಂಪಿಯನ್ ರೀಫಿನಿಂದ ಜಿ. ಅಪ್ಪಾದುರೈಯಾರ್ ಮತ್ತೆ ಹೊರತಂದರು. ಗಣಿಯ ಹೊಟ್ಟೆಯೊಳಗೆ ಕಲ್ಲು ಒಡೆದು ಬಂದವರು ಕೂಲಿಯಲ್ಲಿ ಕಾಸು ಉಳಿಸಿ ಪತ್ರಿಕೆ ನಡೆಸಿದ ನೆಲ ಇದು. ಓದು ಬಾರದವರು ಓದು ಬಂದವರ ಸುತ್ತ ಕೂತು ಕೇಳಿಸಿಕೊಂಡರು. ಇಂಥ ಜನರ ಮೊಮ್ಮಕ್ಕಳಿಗೆ "ಕಾಳಜಿ ಇಲ್ಲ" ಅನ್ನುವ ಮೇಷ್ಟ್ರು, ಕ್ಷಮಿಸಬೇಕು, ತಾವು ಪಾಠ ಮಾಡುವ ಊರಿನ ಚರಿತ್ರೆಯನ್ನೇ ಓದಿಲ್ಲ.

ಇನ್ನೊಂದು ಸಂಗತಿ. 1930ರಲ್ಲಿ ಕಂಪನಿ ಎಲ್ಲಾ ಕೂಲಿಗಳ ಬೆರಳಚ್ಚು ತೆಗೆದುಕೊಂಡು ದಾಖಲೆ ಮಾಡಲು ಹೊರಟಿತು. ಕಳ್ಳರಿಗೆ ಮಾಡುವ ಹಾಗೆ. ಪಾಳಿ ಮುಗಿಸಿ ಮೇಲೆ ಬಂದವನನ್ನು ಚಿನ್ನ ಕದ್ದಿದ್ದಾನೆಯೇ ಅಂತ ಮೈ ತಡಕುವುದು ಸಾಲದು ಅಂತ ಇದು ಬೇರೆ. ಸಾವಿರಾರು ಜನ ಕೆಲಸ ನಿಲ್ಲಿಸಿದರು. ಬೆನ್ನಿಗೆ ಯೂನಿಯನ್ ಇಲ್ಲ, ದೊಡ್ಡ ಮುಖಂಡ ಇಲ್ಲ. ಆದರೂ ವಾರಗಟ್ಟಲೆ ಶಾಫ್ಟುಗಳು ಮೌನವಾದವು. ಹೆಬ್ಬೆಟ್ಟು ಒತ್ತುವುದರಲ್ಲಿ ಏನು ಅಡಗಿದೆ ಅಂತ ಆ ಜನಕ್ಕೆ ಗೊತ್ತಿತ್ತು. ಇವತ್ತು ಪ್ರೋಗ್ರೆಸ್ ಕಾರ್ಡು ಹಿಡಿದು ಬಂದ ಮಗು, "ಇಲ್ಲಿ ಹೆಬ್ಬೆಟ್ಟು ಒತ್ತವ್ವ" ಅನ್ನುತ್ತದೆ. ಅವ್ವ ಒತ್ತುತ್ತಾಳೆ. ಒಳಗೆ ಏನು ಬರೆದಿದೆ ಅಂತ ಯಾರೂ ಅವಳಿಗೆ ಓದಿ ಹೇಳುವುದಿಲ್ಲ. ಶಾಲೆಯ ಕಡತದಲ್ಲಿ "ಪೋಷಕರ ಗಮನಕ್ಕೆ ತರಲಾಗಿದೆ" ಅಂತ ದಾಖಲಾಗುತ್ತದೆ. ದಾಖಲೆಗೆ ಬೇಕಾದ್ದು ಅವಳ ಬೆರಳು. ಅವಳಲ್ಲ.

ಈಗ ಮೀಟಿಂಗಿನ ವಿಷಯಕ್ಕೆ ಬರೋಣ.

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಒಂದು ಕಾಲಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ದುಡಿದ ಗಣಿ. ಕೊನೆಗೆ ಉಳಿದಿದ್ದ ಮೂರು ಸಾವಿರಕ್ಕೂ ಹೆಚ್ಚು ಜನ ಬೀದಿಗೆ ಬಂದರು. ಸೈನೇಡ್ ದಿಬ್ಬಗಳು ಉಳಿದವು. ಗಾಳಿ ಬೀಸಿದಾಗ ಆ ಧೂಳು ಈಗಲೂ ಲೈನಿನ ಅನ್ನದ ಪಾತ್ರೆಗೆ ಬೀಳುತ್ತದೆ. ಸಿನಿಮಾದವರು ಬಂದು 2018ರಲ್ಲಿ ಈ ಊರಿನ ಹೆಸರಲ್ಲಿ ಕೋಟಿ ಕೋಟಿ ಬಾಚಿಕೊಂಡು ಹೋದರು. ಇಲ್ಲಿನ ಜನ ಮಾತ್ರ ಬೆಳಗಿನ ಜಾವ ಮಾರಿಕುಪ್ಪಂ ಟ್ರೈನು ಹಿಡಿದು, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ಹೋಗುತ್ತಾರೆ. ಕಟ್ಟಡದ ಕೆಲಸ, ಹೌಸ್ ಕೀಪಿಂಗು, ಸೆಕ್ಯೂರಿಟಿ, ಗಾರ್ಮೆಂಟು. ರಾತ್ರಿ ಟ್ರೈನಿಗೆ ವಾಪಸು. ಮಕ್ಕಳು ಎದ್ದಾಗ ಅಪ್ಪ ಇಲ್ಲ, ಅಪ್ಪ ಬಂದಾಗ ಮಕ್ಕಳು ನಿದ್ದೆ. ಹಳ್ಳಿ ಕಡೆಯ ಕೂಲಿಯವರು ಟೊಮೊಟೊ ತೋಟಕ್ಕೆ, ಇಟ್ಟಿಗೆ ಗೂಡಿಗೆ, ರೇಷ್ಮೆ ಮನೆಗೆ ಬೆಳಿಗ್ಗೆಯೇ ಹೊರಡುತ್ತಾರೆ.

ಶಾಲೆಯವರು ಮೀಟಿಂಗು ಇಡುವುದು ಯಾವಾಗ? ಕೆಲಸದ ದಿನ, ಹಗಲು ಹನ್ನೊಂದು ಗಂಟೆಗೆ!

ಆಫೀಸಿನಲ್ಲಿ ಇರುವ ಅಪ್ಪ ಸಾಹೇಬರಿಗೆ ಒಂದು ಮಾತು ಹೇಳಿ ಎರಡು ತಾಸು ಪರ್ಮಿಷನ್ ಪಡೆಯುತ್ತಾನೆ. ಸಂಬಳದಲ್ಲಿ ಒಂದು ಪೈಸೆ ಕಡಿತ ಇಲ್ಲ. ಅಂಗಡಿಯವನು ತಮ್ಮನನ್ನು ಗಲ್ಲಾದಲ್ಲಿ ಕೂರಿಸಿ ಬರುತ್ತಾನೆ. ಕೂಲಿಯವಳು ಬಂದರೆ? ಆ ದಿನದ ಕೂಲಿ ಹೋಯಿತು. ಎರಡು ಸಲ ಹೀಗೆ ಮಾಡಿದರೆ ಮೇಸ್ತ್ರಿ ಬೇರೆಯವಳನ್ನು ಕರೆಯುತ್ತಾನೆ. ಒಂದೇ ಮೀಟಿಂಗು, ಒಬ್ಬನಿಗೆ ಪುಕ್ಕಟೆ, ಇನ್ನೊಬ್ಬಳಿಗೆ ಒಂದು ದಿನದ ಅನ್ನ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು, ಬಂದವನಿಗೆ ಕಾಳಜಿ ಇದೆ, ಬಾರದವಳಿಗೆ ಇಲ್ಲ ಅನ್ನುವುದು ಯಾವ ಲೆಕ್ಕ? ಗಣಿತದ ಮೇಷ್ಟ್ರೇ ಹೇಳಲಿ.

ಇಷ್ಟಾದರೂ ಕೂಲಿ ಬಿಟ್ಟು ಬಂದಳು ಅಂತಿಟ್ಟುಕೊಳ್ಳಿ. ಬಂದವಳಿಗೆ ಏನು ಸಿಗುತ್ತದೆ? ಕೋಟು ಹಾಕಿದವನಿಗೆ "ಬನ್ನಿ ಸಾರ್, ಕೂತ್ಕೊಳ್ಳಿ". ಇವಳಿಗೆ "ಏನಮ್ಮ, ಯಾರ ತಾಯಿ ನೀನು?" ಒಬ್ಬನಿಗೆ ಬಹುವಚನ, ಕುರ್ಚಿ. ಒಬ್ಬಳಿಗೆ ಏಕವಚನ, ಬಾಗಿಲ ಬದಿ. ಕನ್ನಡ ವ್ಯಾಕರಣದಲ್ಲಿ ಜಾತಿಯ ಪಾಠ ಎಲ್ಲಿದೆ ಅಂತ ಹುಡುಕುವವರು ಈ ನೀನು-ನೀವುಗಳ ನಡುವೆ ಹುಡುಕಬೇಕು. ಪಕ್ಕದಲ್ಲಿ ಮಗಳು ನಿಂತಿರುತ್ತಾಳೆ. ತನ್ನ ಅವ್ವನಿಗೆ ಮೇಷ್ಟ್ರು ಕೊಟ್ಟ ಮರ್ಯಾದೆ ಎಷ್ಟು ಅಂತ ಆಕೆ ಅಳೆದುಕೊಳ್ಳುತ್ತಾಳೆ. ಆ ಸಂಜೆ ಮನೆಗೆ ಹೋಗಿ "ಇನ್ನು ಮೇಲೆ ನೀನು ಸ್ಕೂಲಿಗೆ ಬರಬೇಡವ್ವ" ಅನ್ನುತ್ತಾಳೆ. ಇದು ಅವ್ವನ ಮೇಲಿನ ಸಿಟ್ಟಲ್ಲ. ಅವ್ವನನ್ನು ಆ ಅವಮಾನದಿಂದ ಕಾಪಾಡುವ ಪ್ರಯತ್ನ.

ಭಾಷೆಯೂ ಇದೆ. ಗಣಿಯ ಲೈನಿನಲ್ಲಿ ಮನೆಮಾತು ತಮಿಳು. ಗಡಿಯ ಹಳ್ಳಿಗಳಲ್ಲಿ ತೆಲುಗು. ಸಂತೆಯ ಕನ್ನಡ ಎಲ್ಲರಿಗೂ ಬರುತ್ತದೆ, ಸುತ್ತೋಲೆಯ ಕನ್ನಡ ಕನ್ನಡಿಗರಿಗೇ ಬರುವುದಿಲ್ಲ. "ರೂಪಣಾತ್ಮಕ ಮೌಲ್ಯಮಾಪನದಲ್ಲಿ ನಿರೀಕ್ಷಿತ ಪ್ರಗತಿ ಕಂಡುಬಂದಿರುವುದಿಲ್ಲ" ಅಂದರೆ ಕೂಲಿಯವಳಿಗೆ ಏನು ಅರ್ಥವಾಗಬೇಕು? "ನಿಮ್ಮ ಹುಡುಗನಿಗೆ ಲೆಕ್ಕ ಬರ್ತಿಲ್ಲವ್ವ, ನಾನು ಸಂಜೆ ಅರ್ಧ ಗಂಟೆ ಹೇಳ್ಕೊಡ್ತೀನಿ, ಕಳಿಸು" ಅಂದರೆ ಯಾವ ಭಾಷೆಯವರಿಗೂ ಅರ್ಥವಾಗುತ್ತದೆ. ಕನ್ನಡ ಪ್ರೀತಿಯ ಹೆಸರಿನಲ್ಲಿ ಲೈನಿನ ತಾಯಿಯ ಬಾಯಿ ಮುಚ್ಚಿಸಬೇಡಿ. ಅವಳ ಮಗ ಕನ್ನಡ ಕಲಿಯಲಿ, ಚೆನ್ನಾಗಿ ಕಲಿಯಲಿ. ಅವಳ ಜೊತೆ ಮಾತಾಡಲು ನಾಲ್ಕು ಮಾತು ತಮಿಳು ಕಲಿತರೆ ಮೇಷ್ಟ್ರ ಕನ್ನಡವೇನೂ ಸವೆದುಹೋಗುವುದಿಲ್ಲ.

ಉಳ್ಳವರ "ಕಾಳಜಿ" ಹೇಗಿರುತ್ತದೆ ಅಂತಲೂ ನೋಡಬೇಕು. ಅವರು ಮೀಟಿಂಗಿಗೆ ಕಾಯುವುದಿಲ್ಲ. ಅವರ ಫೋನಿನಲ್ಲಿ ಮೇಷ್ಟ್ರ ನಂಬರಿದೆ. ಮದುವೆ ಮುಂಜಿಯಲ್ಲಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಉಂಡಿದ್ದಾರೆ. ಮಗ ಹಿಂದಿನ ಬೆಂಚಿನಲ್ಲಿದ್ದರೆ ಮುಂದಕ್ಕೆ ಬರುತ್ತಾನೆ. ಒಬ್ಬ ಮೇಷ್ಟ್ರ ಪಾಠ ಹಿಡಿಸದಿದ್ದರೆ ಸೆಕ್ಷನ್ ಬದಲಾಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ವಿಷಯಗಳಿಗೆ 20 ಅಂಕ ಶಾಲೆಯ ಕೈಯಲ್ಲೇ ಇದೆ. ಯಾರ ಅಪ್ಪನ ಮುಖ ಮೇಷ್ಟ್ರಿಗೆ ಗೊತ್ತೋ ಅವನ ಹುಡುಗನಿಗೆ ಆ ಅಂಕ ಹಾಕುವಾಗ ಕೈ ನಡುಗುತ್ತದೆಯೆ? ಯಾರ ಅಪ್ಪನ ಮುಖವನ್ನೇ ಕಂಡಿಲ್ಲವೋ ಅವನಿಗೆ ಹಾಕುವಾಗ? ಪ್ರಾಮಾಣಿಕ ಮೇಷ್ಟ್ರುಗಳು ತಮ್ಮನ್ನೇ ಕೇಳಿಕೊಳ್ಳಲಿ.

ಇದು ನಮ್ಮೊಬ್ಬರ ಗೊಣಗಾಟವಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞೆ ಅನೆಟ್ ಲರೋ ಎರಡು ಪ್ರಾಥಮಿಕ ಶಾಲೆಗಳಲ್ಲಿ ಕೂತು, ಒಂದು ಕಾರ್ಮಿಕರ ಮಕ್ಕಳದು, ಒಂದು ಮೇಲ್ಮಧ್ಯಮ ವರ್ಗದ ಮಕ್ಕಳದು, ಅಪ್ಪ ಅಮ್ಮಂದಿರು ಮೇಷ್ಟ್ರ ಜೊತೆ ಹೇಗೆ ನಡೆದುಕೊಳ್ಳುತ್ತಾರೆ ಅಂತ ನೋಡಿ 1989ರಲ್ಲಿ ಪುಸ್ತಕ ಬರೆದರು. ಮಕ್ಕಳು ಓದಬೇಕು ಅನ್ನುವ ಆಸೆ ಎರಡೂ ಕಡೆ ಇತ್ತು. ಕಾರ್ಮಿಕರು ಮಾತ್ರ ಓದಿಸುವುದು ಮೇಷ್ಟ್ರ ಕೆಲಸ, ತಮಗೇನು ತಿಳಿಯುತ್ತದೆ ಅಂತ ನಂಬಿ ಮಕ್ಕಳನ್ನು ಶಾಲೆಯ ಕೈಗೆ ಒಪ್ಪಿಸಿದರು. ಮೇಲಿನವರು ಮೇಷ್ಟ್ರನ್ನು ತಮ್ಮ ಸಮಾನ ಅಂತ, ಕೆಲವೊಮ್ಮೆ ತಮಗಿಂತ ಕೆಳಗಿನವರು ಅಂತ ತಿಳಿದು, ಮೇಷ್ಟ್ರ ಕೆಲಸದ ಮೇಲೆ ಕಣ್ಣಿಟ್ಟರು, ತಕರಾರು ಮಾಡಿದರು, ತಮಗೆ ಬೇಕಾದ್ದು ಪಡೆದರು. ನಮ್ಮ ಕೇರಿಯ ಅಪ್ಪ "ಹೊಡೆದು ಬಡಿದು ಬುದ್ಧಿ ಕಲಿಸಿ ಸಾ, ನಿಮ್ಮ ಮಗ ಅಂದ್ಕೊಳ್ಳಿ" ಅಂತ ಕೈಮುಗಿದು ಹೋಗುತ್ತಾನಲ್ಲ, ಅದೂ ಇದೇ ನಂಬಿಕೆ. ಆ ನಂಬಿಕೆಯನ್ನೇ ನಾವು ಕಾಳಜಿ ಇಲ್ಲದಿರುವುದು ಅಂತ ಓದಿಕೊಂಡೆವು.

ಆದರೆ ಅಲ್ಲಿಗೂ ಇಲ್ಲಿಗೂ ಒಂದು ವ್ಯತ್ಯಾಸ ಇದೆ. ಬರೀ ವರ್ಗ ಅಂದು ಸುಮ್ಮನಾಗುವ ನಮ್ಮ ಕೆಲವು ಗೆಳೆಯರು ಅದನ್ನು ಮರೆಯುತ್ತಾರೆ. ಇಲ್ಲಿ ವರ್ಗದ ಹೆಗಲ ಮೇಲೆ ಜಾತಿ ಕೂತಿದೆ. ಇದೇ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲೂಕಿನ ಕಗ್ಗನಹಳ್ಳಿಯಲ್ಲಿ 2014-15ರ ಹೊತ್ತಿಗೆ ಏನಾಯಿತು? ಸರ್ಕಾರಿ ಶಾಲೆಯ ಬಿಸಿಯೂಟಕ್ಕೆ ದಲಿತ ಹೆಣ್ಣುಮಗಳು ಅಡುಗೆಯವಳಾಗಿ ಬಂದಳು. ಮೇಲ್ಜಾತಿಯ ಪೋಷಕರು ಮಕ್ಕಳನ್ನು ಶಾಲೆಯಿಂದಲೇ ಬಿಡಿಸಿಕೊಂಡು ಹೋದರು. ನೂರಕ್ಕೂ ಹೆಚ್ಚು ಮಕ್ಕಳಿದ್ದ ಶಾಲೆಯಲ್ಲಿ ಇಪ್ಪತ್ತೂ ಉಳಿಯಲಿಲ್ಲ. ಇದೂ "ಪೋಷಕರ ಸಹಭಾಗಿತ್ವ"ವೇ ತಾನೆ? ಎಷ್ಟು ಕಾಳಜಿ! ಎಷ್ಟು ಒಗ್ಗಟ್ಟು! ಅವರಿಗೆ ಯಾರೂ "ಮಕ್ಕಳ ಓದಿನ ಮೇಲೆ ಕಾಳಜಿ ಇಲ್ಲದ ಜನ" ಅನ್ನಲಿಲ್ಲ. ಬೀಗ ಬೀಳುವ ಸ್ಥಿತಿಗೆ ಶಾಲೆ ತಂದವರು ಪೋಷಕರು. ಮೀಟಿಂಗಿಗೆ ಬಾರದ ಕೂಲಿಯವಳು ಬೇಜವಾಬ್ದಾರಿಯವಳು.

ಇನ್ನೊಂದು ಕೇಳಿ. 2023ರ ಡಿಸೆಂಬರಿನಲ್ಲಿ ಮಾಲೂರು ತಾಲೂಕಿನ ಯಲುವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ದು ಬಯಲಾಯಿತು. ಪ್ರಾಂಶುಪಾಲರ ಮತ್ತು ಶಿಕ್ಷಕರ ಬಂಧನವಾಯಿತು, ಮಂತ್ರಿಗಳು ಖಂಡಿಸಿದರು, ಪತ್ರಿಕೆಗಳು ಬರೆದವು. ಇದಕ್ಕೆ ಹನ್ನೆರಡು ವರ್ಷ ಮುಂಚೆ, 2011ರಲ್ಲಿ, ಕೆಜಿಎಫ್‌ನಲ್ಲಿ ಮಲದ ಗುಂಡಿ ಬಳಿಯುವ ಕೆಲಸದಲ್ಲಿ ಮೂವರು ಸತ್ತಿದ್ದರು. ಅಪ್ಪಂದಿರು ಇಳಿದ ಗುಂಡಿಯಿಂದ ಮಕ್ಕಳನ್ನು ಮೇಲಕ್ಕೆತ್ತಲು ಅಂತ ಶಾಲೆ ಇರುವುದು. ಆ ಶಾಲೆಯೇ ಮಕ್ಕಳನ್ನು ಅದೇ ಗುಂಡಿಗೆ ಇಳಿಸಿತು. ಆ ಸುದ್ದಿ ಹೊರಗೆ ಬಂದದ್ದು ಯಾವ ಪೋಷಕರ ಸಭೆಯಿಂದಲೂ ಅಲ್ಲ, ಫೋನಿನ ಚಿತ್ರಗಳಿಂದ. ಯೋಚನೆ ಮಾಡಿ: ಅಲ್ಲಿ ಆಫೀಸರನ ಮಗ ಓದುತ್ತಿದ್ದರೆ ಅವನ ಕೈಗೆ ಬಕೆಟು ಕೊಡುವ ಧೈರ್ಯ ಯಾರಿಗಾದರೂ ಬರುತ್ತಿತ್ತೆ? ಅಪ್ಪ ಬಂದು ಕೇಳುತ್ತಾನೆ ಅನ್ನುವ ಭಯ ಇದ್ದ ಕಡೆ ಮಗು ಕ್ಷೇಮ. ಕೇಳುವವರಿಲ್ಲ ಅನ್ನುವ ನಂಬಿಕೆ ಇದ್ದ ಕಡೆ ಮಗು ಗುಂಡಿಯೊಳಗೆ. ಅದಕ್ಕೇ ನಾವು ಈ ವಿಷಯವನ್ನು ಅಂಕದ ವಿಷಯ ಅಂತ ಬಿಡಲು ತಯಾರಿಲ್ಲ. ಇದು ಮಾನದ ವಿಷಯ, ಪ್ರಾಣದ ವಿಷಯ.

ಕಾನೂನು ಏನು ಹೇಳುತ್ತದೆ? 2001ರಲ್ಲಿ ಕರ್ನಾಟಕ ಸರ್ಕಾರ ಶಾಲೆಗಳಿಗೆ ಎಸ್‌ಡಿಎಂಸಿ ತಂದಿತು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಮೇಲುಸ್ತುವಾರಿ! ಅಂದರೆ ಕೂಲಿಯವಳು ಮೇಷ್ಟ್ರ ಕೆಲಸದ ಮೇಲೆ ಕಣ್ಣಿಡಬಹುದು ಅಂತ ಸರ್ಕಾರವೇ ಬರೆದುಕೊಟ್ಟಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 21ನೇ ಕಲಮು ಇನ್ನೂ ಮುಂದಕ್ಕೆ ಹೋಯಿತು. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧ ಹೆಂಗಸರು ಇರಬೇಕು, ದುರ್ಬಲ ವರ್ಗದವರಿಗೆ ಅವರ ಸಂಖ್ಯೆಗೆ ತಕ್ಕ ಸ್ಥಾನ ಇರಬೇಕು. ಕಾಗದದ ಮೇಲೆ ಎಷ್ಟು ಚೆಂದ! ಆದರೆ ಆ ಕಾಯಿದೆಯ ಕೈ 14ನೇ ವಯಸ್ಸಿನವರೆಗೆ, ಎಂಟನೇ ಕ್ಲಾಸಿನವರೆಗೆ ಮಾತ್ರ. ನಮ್ಮಲ್ಲಿ ಹೈಸ್ಕೂಲು ಶುರುವಾಗುವುದೇ ಎಂಟನೇ ಕ್ಲಾಸಿನಲ್ಲಿ. ಮಗು ಹೈಸ್ಕೂಲಿನ ಹೊಸ್ತಿಲು ದಾಟಿ ಒಂದು ವರ್ಷಕ್ಕೇ ಹಕ್ಕು ಕೈಬಿಡುತ್ತದೆ. ಹುಡುಗ ಕೂಲಿಗೆ ಹೋಗುವ ವಯಸ್ಸು ಅದೇ. ಹುಡುಗಿಗೆ ಮದುವೆ ಮಾತು ಬರುವ ವಯಸ್ಸೂ ಅದೇ. ಅಪ್ಪ ಅಮ್ಮ ಮತ್ತು ಮೇಷ್ಟ್ರು ಕೈ ಕೈ ಹಿಡಿದು ನಿಲ್ಲಬೇಕಾದ ಹೊತ್ತಿನಲ್ಲಿ ಕಾಯಿದೆ ಮನೆಗೆ ಹೋಗಿ ಮಲಗುತ್ತದೆ.

ಇರುವ ಸಮಿತಿಗಳಾದರೂ ಏನು ಮಾಡುತ್ತಿವೆ? ಊರ ಗೌಡರ ಕಡೆಯವನೊಬ್ಬ, ಕಂಟ್ರಾಕ್ಟರನೊಬ್ಬ ಅಧ್ಯಕ್ಷ. ದಲಿತ ಸದಸ್ಯೆಯ ರುಜು ಬೇಕಾದಾಗ ನಡಾವಳಿ ಪುಸ್ತಕವೇ ಅವಳ ಮನೆಗೆ ನಡೆದು ಬರುತ್ತದೆ! ಸಭೆಗೆ ಮಾತ್ರ ಅವಳಿಗೆ ಕರೆ ಬರುವುದಿಲ್ಲ. ಬಂಗಾರಪೇಟೆ ಮತ್ತು ಕೆಜಿಎಫ್ ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರಗಳು. ಕೋಲಾರ ಲೋಕಸಭೆಯೂ ಮೀಸಲು. ಮೀಸಲು ಕ್ಷೇತ್ರದಲ್ಲಿ ಗೆದ್ದವರು ಶಾಲೆಗೆ ಬರುವುದು ಕಟ್ಟಡದ ಗುದ್ದಲಿ ಪೂಜೆಗೆ. ಕಟ್ಟಡದೊಳಗೆ ಅವ್ವನಿಗೆ ಕುರ್ಚಿ ಸಿಕ್ಕಿತೆ ಅಂತ ಎಷ್ಟು ಜನ ಕೇಳಿದ್ದಾರೆ?

ಇಲ್ಲಿಯವರೆಗೆ ಓದಿದ ಮೇಷ್ಟ್ರು ಸಿಟ್ಟಾಗಿರಬಹುದು. ನಿಮ್ಮ ಕಷ್ಟ ನಮಗೆ ಗೊತ್ತಿಲ್ಲದ್ದಲ್ಲ ಮೇಷ್ಟ್ರೆ. ಜನಗಣತಿಗೆ ನೀವು, ಚುನಾವಣೆಗೆ ನೀವು, ಮೊಟ್ಟೆ ಹಾಲಿನ ಲೆಕ್ಕಕ್ಕೆ ನೀವು. ಖಾಲಿ ಹುದ್ದೆ ತುಂಬದೆ ಅತಿಥಿ ಶಿಕ್ಷಕರನ್ನು ಕರೆದು, ವರ್ಷದಲ್ಲಿ ಕೆಲವು ತಿಂಗಳು ದುಡಿಸಿ, ಅದಕ್ಕೂ ಗೌರವಧನ ತಡಮಾಡುವ ಸರ್ಕಾರ ನಿಮ್ಮ ತಲೆ ಮೇಲೆ ಎಸ್ಸೆಸ್ಸೆಲ್ಸಿ ಶೇಕಡಾವಾರು ಕತ್ತಿ ತೂಗಿಬಿಟ್ಟಿದೆ. ಫಲಿತಾಂಶ ಕಡಿಮೆಯಾದರೆ ನೋಟೀಸು. ನೋಟೀಸಿಗೆ ನೀವು ಬರೆಯುವ ಉತ್ತರ ಏನು? "ಪೋಷಕರ ನಿರಾಸಕ್ತಿ." ಮೇಲಿನವನು ನಿಮ್ಮನ್ನು ತುಳಿಯುತ್ತಾನೆ, ನೀವು ಕೆಳಗಿನವಳನ್ನು ತೋರಿಸುತ್ತೀರಿ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂದದ್ದು ಇದನ್ನೇ. ನಿಮ್ಮ ಸುಸ್ತು ಮತ್ತು ಅವಳ ಸುಸ್ತು ಒಂದೇ ಕಡೆಯಿಂದ ಬಂದದ್ದು. ಇಬ್ಬರೂ ಎದುರು ಬದುರು ನಿಂತರೆ ಗೆಲ್ಲುವವನು ಮೂರನೆಯವನು.

ಆದರೂ ಒಂದು ಕೇಳಲೇಬೇಕು. ನಿಮ್ಮ ಮಕ್ಕಳು ಎಲ್ಲಿ ಓದುತ್ತಿದ್ದಾರೆ? ನೀವು ಪಾಠ ಮಾಡುವ ಶಾಲೆಯಲ್ಲಿಯೇ? 1964-66ರ ಕೊಠಾರಿ ಆಯೋಗ ಎಲ್ಲರ ಮಕ್ಕಳಿಗೂ ನೆರೆಹೊರೆಯ ಒಂದೇ ಶಾಲೆ ಇರಬೇಕು ಅಂತ ಹೇಳಿತು. ಆ ವರದಿಗೆ ಗೆದ್ದಲು ಹಿಡಿಯಿತು. 2015ರಲ್ಲಿ ಅಲಹಾಬಾದ್ ಹೈಕೋರ್ಟು ಸರ್ಕಾರಿ ಸಂಬಳ ತಿನ್ನುವವರು ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳಿಸಬೇಕು ಅಂದಿತು. ಅದು ಜಾರಿಗೆ ಬರಲಿಲ್ಲ. ಬಂದಿದ್ದರೆ ಶಾಲೆಯ ಅಂಗಳದಲ್ಲಿ ಮೇಷ್ಟ್ರೂ ಒಬ್ಬ ಪೋಷಕರಾಗಿ ಕೂಲಿಯವಳ ಪಕ್ಕದಲ್ಲಿ ನಿಲ್ಲುತ್ತಿದ್ದರು. ಆಗ ಪೋಷಕರ ಕಷ್ಟ ಏನೆಂದು ಯಾರೂ ಭಾಷಣ ಮಾಡಬೇಕಾಗಿರಲಿಲ್ಲ.

ಮೀಸಲಾತಿಯಿಂದ ಮೇಷ್ಟ್ರಾದ ನಮ್ಮವರಿಗೂ ಎರಡು ಮಾತು. ಲೈನಿನಲ್ಲಿ ಹುಟ್ಟಿ, ಕೇರಿಯ ದೀಪದಲ್ಲಿ ಓದಿ, ಕೆಲಸ ಸಿಕ್ಕ ಮೇಲೆ ಪಟ್ಟಣದ ಬಾಡಿಗೆ ಮನೆಯಲ್ಲಿ ಜಾತಿ ಮುಚ್ಚಿಟ್ಟು ಬದುಕುವ ಕಷ್ಟ ನಿಮ್ಮದು. ಆ ಕಷ್ಟಕ್ಕೆ ನೀವೊಬ್ಬರೇ ಹೊಣೆಯಲ್ಲ. ಆದರೆ ಸ್ಟಾಫ್ ರೂಮಿನಲ್ಲಿ "ಈ ಜನಕ್ಕೆ ಕಾಳಜಿ ಇಲ್ಲ" ಅನ್ನುವ ಮಾತು ಬಂದಾಗ ನಗುತ್ತಾ ತಲೆಯಾಡಿಸುತ್ತೀರಲ್ಲ, ಆಗ ತೀರ್ಪಿಗೆ ರುಜು ಹಾಕುವವರು ನೀವು. ನಿಮ್ಮ ಅವ್ವನೂ ಮೀಟಿಂಗಿಗೆ ಬಂದಿರಲಿಲ್ಲ. ಅವಳಿಗೆ ಕಾಳಜಿ ಇರಲಿಲ್ಲವೆ?

1882ರಲ್ಲಿ ಹಂಟರ್ ಆಯೋಗ ಬಂದಾಗ ಮಹಾತ್ಮ ಫುಲೆ ಮನವಿ ಕೊಟ್ಟರು. ಮೇಷ್ಟ್ರುಗಳೆಲ್ಲ ಹೆಚ್ಚಾಗಿ ಬ್ರಾಹ್ಮಣರೇ ಇದ್ದಾರೆ, ಅವರು ದುಡಿಯುವ ಜನರೊಡನೆ ಬೆರೆಯುವುದಿಲ್ಲ, ಆದಷ್ಟೂ ಉಳುವ ವರ್ಗದಿಂದಲೇ ಮೇಷ್ಟ್ರುಗಳನ್ನು ತಯಾರು ಮಾಡಿ, ಅವರು ಜನರ ಜೊತೆ ಸಲೀಸಾಗಿ ಬೆರೆತು ಅವರ ಬೇಕು ಬೇಡ ತಿಳಿಯುತ್ತಾರೆ ಅನ್ನುವುದು ಅವರ ವಾದ. ಫುಲೆ ಕೇಳಿದ್ದು ಬರೀ ಪಾಠ ಮಾಡುವವನನ್ನಲ್ಲ. ಜನರ ನಡುವೆ ಕೂರುವವನನ್ನು. ಈ ಮಾತಿಗೆ 140 ವರ್ಷ ಮೀರಿತು. ಈಗ ದುಡಿಯುವ ಜಾತಿಗಳಿಂದ ಮೇಷ್ಟ್ರುಗಳು ಬಂದಿದ್ದಾರೆ. ಬೆರೆಯುವುದು ಮಾತ್ರ ಇನ್ನೂ ಬಾಕಿ ಇದೆ.

ಬೆರೆಯಲು ಸಾಧ್ಯವೇ ಇಲ್ಲವೆ? ಸಾಧ್ಯ. 2020ರ ಆಗಸ್ಟಿನಲ್ಲಿ, ಕೊರೊನಾದಲ್ಲಿ ಶಾಲೆ ಮುಚ್ಚಿದ್ದಾಗ, ಸರ್ಕಾರ 'ವಿದ್ಯಾಗಮ' ಅಂತ ತಂದಿತು. ಮೇಷ್ಟ್ರುಗಳು ಮಕ್ಕಳಿದ್ದ ಕಡೆಗೇ ಹೋದರು. ಮರದ ಕೆಳಗೆ, ಜಗಲಿಯ ಮೇಲೆ ಪಾಠ. ಸ್ಮಾರ್ಟ್ ಫೋನಿಲ್ಲದ ಮನೆ ಎಷ್ಟು, ಒಂದೇ ಕೋಣೆಯಲ್ಲಿ ಆರು ಜನ ಹೇಗೆ ಮಲಗುತ್ತಾರೆ, ಅವ್ವ ಎಷ್ಟು ಹೊತ್ತಿಗೆ ಕೂಲಿಗೆ ಹೊರಡುತ್ತಾಳೆ, ಇದೆಲ್ಲ ಮೇಷ್ಟ್ರ ಕಣ್ಣಿಗೆ ಬಿತ್ತು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಆ ಜಗಲಿ ಯಾರ ಮನೆಯದು, ಕೇರಿಯ ಮಕ್ಕಳು ಅದನ್ನು ಹತ್ತಬಹುದಿತ್ತೆ ಅನ್ನುವ ಪ್ರಶ್ನೆಯನ್ನು ನಾವು ಬಿಡುವುದಿಲ್ಲ. ಆದರೆ ಮೇಷ್ಟ್ರು ಕೇರಿಗೆ ಬರಬಹುದು ಅನ್ನುವುದು ರುಜುವಾತಾಯಿತು. ಬಂದರೆ ಮೈಲಿಗೆಯೂ ಆಗಲಿಲ್ಲ, ಆಕಾಶವೂ ಬೀಳಲಿಲ್ಲ.

ಹಾಗಾಗಿ ಬೇಡುವುದು ಸಾಕು. ಇನ್ನು ಕೇಳಬೇಕು. ನಮ್ಮ ಕೇಳಿಕೆ ಇಷ್ಟು:

ಒಂದು, ಪೋಷಕರ ಸಭೆ ಭಾನುವಾರ ಅಥವಾ ಸಂಜೆ ಟ್ರೈನು ಬಂದ ಮೇಲೆ ನಡೆಯಲಿ. ವರ್ಷಕ್ಕೆ ಎರಡು ಸಭೆಯಾದರೂ ಶಾಲೆಯಲ್ಲಿ ಬೇಡ, ಲೈನಿನಲ್ಲಿ, ಕೇರಿಯಲ್ಲಿ ನಡೆಯಲಿ. ಅದಕ್ಕೆ ಮೇಷ್ಟ್ರಿಗೆ ಬದಲಿ ರಜೆ ಕೊಡಿ. ಪುಕ್ಕಟೆ ದುಡಿಸಬೇಡಿ.

ಎರಡು, ಬಂದವರೆಲ್ಲರಿಗೂ ಕುರ್ಚಿ, ಇಲ್ಲದಿದ್ದರೆ ಎಲ್ಲರಿಗೂ ಚಾಪೆ. ಎಲ್ಲರಿಗೂ "ನೀವು". ಇದಕ್ಕೆ ಬಜೆಟ್ಟು ಬೇಡ.

ಮೂರು, ಪ್ರೋಗ್ರೆಸ್ ಕಾರ್ಡನ್ನು ಹೆಬ್ಬೆಟ್ಟು ಒತ್ತಿಸುವ ಮುಂಚೆ ಓದಿ ಹೇಳಬೇಕು. ತಮಿಳಿನಲ್ಲಿ, ತೆಲುಗಿನಲ್ಲಿ, ಉರ್ದುವಿನಲ್ಲಿ, ಅವರಿಗೆ ತಿಳಿಯುವ ಮಾತಿನಲ್ಲಿ. ಆಂತರಿಕ ಅಂಕ ಯಾಕೆ ಅಷ್ಟೇ ಬಂತು ಅಂತ ಕೇಳುವ ಹಕ್ಕು ಕೂಲಿಯವಳಿಗೂ ಇರಬೇಕು. ವಿದ್ಯಾರ್ಥಿವೇತನ ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಅಂತ ಗೋಡೆ ಮೇಲೆ ಬರೆಯಬೇಕು.

ನಾಲ್ಕು, ಶಿಕ್ಷಣ ಹಕ್ಕು ಹತ್ತನೇ ಕ್ಲಾಸಿನವರೆಗೆ, ಅಲ್ಲಿಂದ ಪಿಯುಸಿವರೆಗೆ ಬರಬೇಕು. 21ನೇ ಕಲಮಿನ ಸಮಿತಿ ಹೈಸ್ಕೂಲಿಗೂ ಕಾನೂನಿನ ಬಲದೊಂದಿಗೆ ಬರಬೇಕು. ವಸತಿ ಶಾಲೆಗಳಿಗೆ ಪೋಷಕರ ಸಮಿತಿ ಹೇಳದೆ ಕೇಳದೆ ಹೋಗಿ ಅಡುಗೆ ಮನೆ, ಪಾಯಿಖಾನೆ ನೋಡಿ ಬರುವ ಅಧಿಕಾರ ಬೇಕು.

ಐದು, ಖಾಲಿ ಹುದ್ದೆಗಳನ್ನು ತುಂಬಿ. ನೆಮ್ಮದಿಯಿಲ್ಲದ ಮೇಷ್ಟ್ರಿಗೆ ಕೇರಿಗೆ ನಡೆದು ಬರುವ ಕಾಲು ಎಲ್ಲಿಂದ ಬರಬೇಕು?

ಸರ್ಕಾರ ಕೊಡುವವರೆಗೆ ನಾವು ಕಾಯುತ್ತಾ ಕೂರಬೇಕಾಗಿಲ್ಲ. ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿ ಗೆಳೆಯರೆ, ನಿಮ್ಮೂರಿನ ಕೇರಿಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳು ಎಷ್ಟು ಅಂತ ಪಟ್ಟಿ ಮಾಡಿ. ಅವರ ಅಪ್ಪ ಅಮ್ಮಂದಿರನ್ನು ಒಟ್ಟುಗೂಡಿಸಿ ಶಾಲೆಗೆ ಕರೆದುಕೊಂಡು ಹೋಗಿ. ಒಬ್ಬೊಬ್ಬರನ್ನೇ ಕಳಿಸಬೇಡಿ. ಒಬ್ಬಳು ಹೋದರೆ "ಏನಮ್ಮ ನೀನು". ಇಪ್ಪತ್ತು ಜನ ಹೋದರೆ "ಬನ್ನಿ, ಕೂತ್ಕೊಳ್ಳಿ". ಉಳ್ಳವನಿಗೆ ಅವನ ಅಂತಸ್ತೇ ಬಲ. ಇಲ್ಲದವರಿಗೆ ಒಗ್ಗಟ್ಟೇ ಬಲ. ಅದನ್ನು ಅವರು "ಗಲಾಟೆ" ಅನ್ನುತ್ತಾರೆ. ಅನ್ನಲಿ. ಕಗ್ಗನಹಳ್ಳಿಯಲ್ಲಿ ಮೇಲ್ಜಾತಿಯವರು ಒಟ್ಟಾಗಿ ಮಕ್ಕಳನ್ನು ಬಿಡಿಸಿಕೊಂಡು ಹೋದರು. ನಾವು ಒಟ್ಟಾಗಿ ಮಕ್ಕಳನ್ನು ಉಳಿಸಲು ಹೋಗುತ್ತೇವೆ. ಯಾವುದು ಗಲಾಟೆ, ಯಾವುದು ಕಾಳಜಿ ಅಂತ ಊರು ತೀರ್ಮಾನ ಮಾಡಲಿ.

ಶಿಕ್ಷಣ, ಸಂಘಟನೆ, ಹೋರಾಟ ಅಂತ ಗೋಡೆ ಮೇಲೆ ಬರೆಯುತ್ತೇವೆ. ಮೂರೂ ಒಂದೇ ಕಡೆ ಸೇರುವ ಜಾಗ ಯಾವುದು ಅಂತ ಕೇಳಿದರೆ ಹೈಸ್ಕೂಲಿನ ಬಾಗಿಲು. 1930ರಲ್ಲಿ ಹೆಬ್ಬೆಟ್ಟು ಒತ್ತುವುದಿಲ್ಲ ಅಂತ ಶಾಫ್ಟು ನಿಲ್ಲಿಸಿದವರ ಮೊಮ್ಮಕ್ಕಳು, ಮರಿಮಕ್ಕಳು ಇವರು. ಓದಿ ಹೇಳುವ ತನಕ ಒತ್ತುವುದಿಲ್ಲ ಅಂತ ಒಂದೇ ಒಂದು ದಿನ ಇಡೀ ಲೈನು ಹೇಳಿ ನೋಡಲಿ. ಸ್ಟಾಫ್ ರೂಮಿನ ಆ ತೀರ್ಪನ್ನು ಅವತ್ತೇ ತಿದ್ದಿ ಬರೆಯಬೇಕಾಗುತ್ತದೆ.